ಕಾಣೆಯಾದ ತಾಯಿ: ರೋಚಕ ಕಥನದ ಒಂದು ವಸ್ತು ಮತ್ತು ಹುಣಸೂರು ಸೀಮೆ

ಕಾಣೆಯಾದ ತಾಯಿ ರೋಚಕ ಕಾದಂಬರಿಯ ಹಳೆಯ ಕಥಾವಸ್ತುಗಳಲ್ಲಿ ಒಂದು. ಮನೆಯಾಕೆ ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾಳೆ. ಮಗನೋ ಮಗಳೋ ಗಂಡನೋ ಹುಡುಕಿಕೊಂಡು ಹೊರಡುತ್ತಾರೆ. ಹುಡುಕುತ್ತ ಹೋದಂತೆ, ಆಕೆ ಎಲ್ಲಿದ್ದಾಳೆ ಎಂಬ ಪ್ರಶ್ನೆಯ ಬೆನ್ನಿಗೇ ಆಕೆ ಯಾರಾಗಿದ್ದಳು ಎಂಬ ಪ್ರಶ್ನೆಯೂ ಏಳುತ್ತದೆ. ಕೊಲೆಯ ಕಾದಂಬರಿ ಹೆಣದಿಂದ ಆರಂಭವಾಗುತ್ತದೆ. ಇಲ್ಲಿ ಹೆಣವೂ ಇಲ್ಲ, ಅಪರಾಧ ನಡೆದಿದೆ ಎಂಬ ಖಾತರಿಯೂ ಇಲ್ಲ. ಹೋದಳೋ, ಒಯ್ದರೋ, ಸತ್ತಳೋ ಎಂಬ ಮೂರು ಸಾಧ್ಯತೆಗಳ ನಡುವೆ ಕಥೆ ತೂಗುತ್ತಿರುತ್ತದೆ. ಇಂಗ್ಲಿಷ್, ಕೊರಿಯನ್ ಮೊದಲಾದ ಭಾಷೆಗಳಲ್ಲಿ ಹೆಸರು ಮಾಡಿರುವ ಈ ವಸ್ತು ಕನ್ನಡದ ಪತ್ತೇದಾರಿ ಸಾಹಿತ್ಯದಲ್ಲಿ ಅಪರೂಪ. ಆದರೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಕೆ.ಆರ್. ನಗರ, ಹುಣಸೂರು ತಾಲ್ಲೂಕುಗಳಿಗೆ ತಗುಲಿದ ಎರಡು ನಿಜ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಇಡೀ ರಾಜ್ಯದ ಗಮನ ಸೆಳೆದವು. ಕಾದಂಬರಿಕಾರರು ಮುಟ್ಟದೆ ಬಿಟ್ಟ ಕಥೆ ಠಾಣೆಯ ಕಡತಗಳಲ್ಲಿ ಬೆಳೆದಿದೆ. ಅವುಗಳನ್ನು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಂಥ ಕಥೆಯಲ್ಲಿ ಕುತೂಹಲ ಹುಟ್ಟುವುದು ಉತ್ತರ ಸಿಗದೇ ಇರುವುದರಿಂದಲ್ಲ, ಊರಿಗೂ ಠಾಣೆಗೂ ಉತ್ತರ ಮೊದಲೇ ಸಿಕ್ಕಿಬಿಟ್ಟಿರುವುದರಿಂದ.

ಬೆಟ್ಟದಪುರದ ಅಸ್ಥಿಪಂಜರ

2020ರ ಕೊನೆಯಲ್ಲಿ ಕೊಡಗಿನ ಕುಶಾಲನಗರದ ಬಳಿಯ ಒಬ್ಬ ಕೂಲಿ ಕಾರ್ಮಿಕನ ಹೆಂಡತಿ, ಇಬ್ಬರು ಮಕ್ಕಳ ತಾಯಿ, ಮನೆಯಿಂದ ಕಾಣೆಯಾದಳು. ಗಂಡ ಪೊಲೀಸರಿಗೆ ದೂರು ಕೊಟ್ಟ. ಕುಶಾಲನಗರದಿಂದ ಮೈಸೂರಿನ ದಾರಿ ಹಿಡಿದರೆ ಕಾವೇರಿ ದಾಟಿದ ಕೂಡಲೇ ಪಿರಿಯಾಪಟ್ಟಣ ತಾಲ್ಲೂಕು. ಆ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಗುರುತು ಗೊತ್ತಿಲ್ಲದ ಹೆಂಗಸಿನದು. ಒಂದು ಜಿಲ್ಲೆಯಲ್ಲಿ ಹೆಸರಿದ್ದೂ ದೇಹವಿಲ್ಲದ ಕಡತ, ಪಕ್ಕದ ಜಿಲ್ಲೆಯಲ್ಲಿ ದೇಹವಿದ್ದೂ ಹೆಸರಿಲ್ಲದ ಕಡತ. ಎರಡನ್ನೂ ಸೇರಿಸಿದರೆ ಎರಡೂ ಮುಗಿದಂತೆ ಕಾಣುತ್ತದೆ. ಸೇರಿಸಲಾಯಿತು. ಹೆಂಡತಿಗೆ ಬೇರೊಬ್ಬನ ಸಂಬಂಧವಿತ್ತು, ಆ ಸಿಟ್ಟಿಗೆ ಗಂಡನೇ ಕೊಂದ ಎಂಬುದು ಪೊಲೀಸರು ಕಟ್ಟಿದ ಕಥೆ. ದೂರು ಕೊಟ್ಟವನೇ ಆರೋಪಿಯಾದ. ಆರೋಪಪಟ್ಟಿ ಸಲ್ಲಿಕೆಯಾಯಿತು, ಆತ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ.

ಅಸ್ಥಿಪಂಜರಕ್ಕೆ ಮುಖವಿಲ್ಲ. ಅಂಥ ಕಡೆ ಗುರುತು ಹಿಡಿಯಲು ಉಳಿಯುವುದು ಸೀರೆಯ ತುಂಡು, ಬಳೆ, ಚಪ್ಪಲಿ, ಹಲ್ಲು. ಬಡವರ ಮನೆಯ ಹೆಂಗಸರ ಸೀರೆ ಚಪ್ಪಲಿಗಳು ಒಂದೇ ಸಂತೆಯಲ್ಲಿ ಕೊಂಡವು. ಒಬ್ಬಳದು ಇನ್ನೊಬ್ಬಳದರಂತೆಯೇ ಇರುತ್ತದೆ. ಇದನ್ನು ಮೀರಿ ಖಚಿತವಾಗಿ ಹೇಳಬಲ್ಲದ್ದು ಡಿಎನ್‌ಎ ಪರೀಕ್ಷೆ ಒಂದೇ: ಮೂಳೆಯ ಮಾದರಿಯನ್ನು ಕಾಣೆಯಾದವಳ ತಾಯಿಯ ರಕ್ತದೊಂದಿಗೆ ಹೋಲಿಸಿ ನೋಡುವುದು. ಈ ಪ್ರಕರಣದಲ್ಲಿ ಪರೀಕ್ಷೆ ನಡೆಯಿತು, ಹೊಂದಿಕೆಯಾಗಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. ರೋಚಕ ಕಾದಂಬರಿಯಾಗಿದ್ದರೆ ಪ್ರಯೋಗಾಲಯದ ವರದಿ ಬಂದ ಅಧ್ಯಾಯಕ್ಕೇ ಕಥೆ ತಿರುಗಿಬಿಡುತ್ತಿತ್ತು. ಇಲ್ಲಿ ಹಾಗಾಗಲಿಲ್ಲ ಎಂಬುದೇ ನಿಜ ಜೀವನ ಕಾದಂಬರಿಗಿಂತ ಎಷ್ಟು ನಿಧಾನ ಎಂಬುದಕ್ಕೆ ಪುರಾವೆ.

2025ರ ಏಪ್ರಿಲ್ ಆರಂಭದಲ್ಲಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಗಂಡನ ಪರಿಚಯದವರು ಆಕೆಯನ್ನು ಕಂಡರು. ಆಕೆ ಬದುಕಿದ್ದಳು, ಇನ್ನೊಬ್ಬರ ಜೊತೆ ಸಂಸಾರ ಹೂಡಿದ್ದಳು. ಆಕೆಯನ್ನು ಮೈಸೂರಿನ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು. ತನ್ನದೇ ಕೊಲೆಯ ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯಕ್ಕೆ ಆಕೆ ನಡೆದು ಬಂದಳು. ಅದೇ ತಿಂಗಳು ನ್ಯಾಯಾಲಯ ಗಂಡನನ್ನು ದೋಷಮುಕ್ತಗೊಳಿಸಿತು, ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು, ತನಿಖೆ ನಡೆಸಿದವರ ಮೇಲೆ ಕ್ರಮಕ್ಕೂ ಸೂಚಿಸಿತು. ಪತ್ರಿಕೆಗಳೂ ಟಿವಿ ವಾಹಿನಿಗಳೂ ಇದನ್ನು ಸತ್ತವಳು ಎದ್ದುಬಂದ ಕಥೆಯೆಂದು ಹೇಳಿದವು. ನಿಜವಾದ ಕಥೆ ಇನ್ನೊಂದೆಡೆ ಇದೆ. ಬೆಟ್ಟದಪುರದ ಮೂಳೆಗಳು ಆಕೆಯವಲ್ಲ ಎಂದಾದ ಮೇಲೆ ಅವು ಯಾರವು? ಇನ್ನೊಬ್ಬ ಹೆಂಗಸು, ಬಹುಶಃ ಇನ್ನೊಬ್ಬರ ತಾಯಿ, ಬೇರೊಬ್ಬಳ ಹೆಸರಿನ ಕಡತದೊಳಗೆ ಇಷ್ಟು ವರ್ಷ ಮುಚ್ಚಿಹೋಗಿದ್ದಳು. ಆಕೆಯನ್ನು ಹುಡುಕುತ್ತಿದ್ದವರು ಯಾರಾದರೂ ಇದ್ದರೆ, ಅವರಿಗೆ ಸಿಗಬೇಕಾಗಿದ್ದ ಉತ್ತರವನ್ನು ತಪ್ಪು ಉತ್ತರವೊಂದು ನುಂಗಿತ್ತು. ಈ ಪ್ರಕರಣದಿಂದ ಒಬ್ಬ ಕಾದಂಬರಿಕಾರ ಒಂದೇ ಎಳೆ ಎತ್ತಿಕೊಳ್ಳಬೇಕಿದ್ದರೆ ಇದನ್ನೇ ಎತ್ತಿಕೊಳ್ಳಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಕೆ.ಆರ್. ನಗರದ ದೂರು

ಎರಡನೆಯ ಪ್ರಕರಣ 2024ರ ಮೇ ತಿಂಗಳ ಮೊದಲ ವಾರದ್ದು. ತನ್ನ ತಾಯಿಯನ್ನು ಮನೆಯಿಂದ ಕರೆದೊಯ್ದಿದ್ದಾರೆ, ಆಮೇಲೆ ಆಕೆ ಎಲ್ಲಿದ್ದಾಳೋ ತಿಳಿಯುತ್ತಿಲ್ಲ ಎಂದು ಮಗನೊಬ್ಬ ಕೆ.ಆರ್. ನಗರ ಠಾಣೆಗೆ ದೂರು ಕೊಟ್ಟ. ಲೋಕಸಭಾ ಚುನಾವಣೆಯ ಹೊತ್ತು ಅದು. ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ತನಿಖೆಗೆ ವಿಶೇಷ ತನಿಖಾ ದಳ ರಚನೆಯಾಗಿತ್ತು. ಕಾಣೆಯಾಗಿದ್ದ ಮಹಿಳೆ ಎರಡು ದಿನಗಳಲ್ಲಿ ಹುಣಸೂರು ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಪತ್ತೆಯಾದರು. ಅಪಹರಣದ ಆರೋಪದ್ದು ಬೇರೆಯೇ ಮೊಕದ್ದಮೆ. ಆದರೆ ಆಕೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಪ್ರಜ್ವಲ್ ರೇವಣ್ಣ ಅಪರಾಧಿಯೆಂದು ತೀರ್ಮಾನಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಜೋಪಾನವಾಗಿ ಉಳಿದಿದ್ದ ಒಂದು ಸೀರೆಯ ಮೇಲಿನ ಡಿಎನ್‌ಎ ಸಾಕ್ಷ್ಯ ಆ ಮೊಕದ್ದಮೆಯಲ್ಲಿ ಮುಖ್ಯವಾಗಿತ್ತು.

ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೆಟ್ಟದಪುರದ್ದು ಒಗಟು, ಕೆ.ಆರ್. ನಗರದ್ದು ಒಗಟಲ್ಲ. ಮೊದಲನೆಯದರಲ್ಲಿ ಹೆಂಗಸು ತಾನಾಗಿ ಹೋಗಿದ್ದಳು, ಠಾಣೆ ಕೊಲೆಯೆಂದಿತು. ಎರಡನೆಯದರಲ್ಲಿ ಯಾರು ಏಕೆ ಎಂಬ ಊಹೆ ಎಲ್ಲರ ಬಾಯಲ್ಲೂ ಇತ್ತು. ಆತಂಕವೆಲ್ಲ ದೂರು ಕೊಡುವ ಧೈರ್ಯ ಯಾರಿಗಿದೆ ಎಂಬುದರ ಸುತ್ತ. ದೊಡ್ಡ ಮನೆತನದ ಎದುರು ಮಗನೊಬ್ಬ ಠಾಣೆಯ ಮೆಟ್ಟಿಲು ಹತ್ತಿದ್ದೇ ಅಲ್ಲಿನ ತಿರುವು. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಏನಾದೀತು ಎಂಬ ಭಯದಿಂದ ಬೆಳೆಯುವ ರೋಚಕತೆ ಕನ್ನಡದ ಜನಪ್ರಿಯ ಕಾದಂಬರಿಗೆ ಹೆಚ್ಚು ಪರಿಚಯವಿಲ್ಲ.

ಹಾಡಿನಿಂದ ಕಾದಂಬರಿಗೆ

ಕಾಣೆಯಾದ ಹೆಂಗಸನ್ನು ಹುಡುಕುವ ಕಥೆ ಕನ್ನಡಕ್ಕೆ ಹೊಸದಲ್ಲ. ಜನಪದ ಕಥನಗೀತೆ ‘ಕೆರೆಗೆ ಹಾರ’ವನ್ನು ಎಲ್ಲರೂ ಬಲಿಯ ಹಾಡೆಂದು ಓದುತ್ತಾರೆ. ಅದರ ದ್ವಿತೀಯಾರ್ಧ ಮಾತ್ರ ಶುದ್ಧ ತನಿಖೆಯ ಕಥೆ. ದಂಡಿನಿಂದ ಬಂದ ಗಂಡ ಮಾದೇವರಾಯ ಹೆಂಡತಿ ಭಾಗೀರಥಿ ಎಲ್ಲಿ ಎಂದು ಕೇಳುತ್ತಾನೆ. ಅತ್ತೆಮಾವ ಆಕೆ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನಲ್ಲಿ ಕೇಳಿದರೆ ಗೆಳತಿಯ ಮನೆಗೆ ಕೈತೋರಿಸುತ್ತಾರೆ. ಪ್ರತಿ ಬಾಗಿಲಲ್ಲೂ ಒಂದು ಸುಳ್ಳು, ಕೊನೆಯ ಬಾಗಿಲಲ್ಲಿ ಸತ್ಯ. ಊರಿಗೆಲ್ಲ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿಲ್ಲ. ಪುಣ್ಯಕೋಟಿಯ ಹಾಡಿನದು ಇದಕ್ಕೆ ತದ್ವಿರುದ್ಧ ದಾರಿ: ಅಲ್ಲಿ ತಾಯಿ ಸಾಯಲೆಂದೇ ಹೊರಡುತ್ತಾಳೆ, ಕರುವಿಗೆ ಎಲ್ಲವನ್ನೂ ಹೇಳಿ ಹೊರಡುತ್ತಾಳೆ. ಹೇಳಿಹೋಗುವ ತಾಯಿಯ ಆದರ್ಶವನ್ನು ಶಾಲೆಯ ಪುಸ್ತಕದಲ್ಲೇ ಕಲಿತವರಿಗೆ ಹೇಳದೆ ಹೋಗುವ ತಾಯಿ ಎಷ್ಟು ಕಷ್ಟದ ಪಾತ್ರ ಎಂಬುದನ್ನು ಊಹಿಸಬಹುದು.

ಆಧುನಿಕ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯ. ಹೆಚ್ಚು ಓದದ, ಕೈಗೆ ಸಿಕ್ಕ ಕೆಲಸ ಮಾಡಿ ಬದುಕಿದ ಅವರು 1950ರ ದಶಕದಿಂದ ಐನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ ಮೊದಲಾದ ಅವರ ಪತ್ತೇದಾರರು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳಿಂದ, ದಿನಬಾಡಿಗೆಯ ಲೈಬ್ರರಿಗಳಿಂದ ಹಳ್ಳಿಯ ಜಗಲಿಗಳಿಗೆ ಇಳಿದರು. ಹುಣಸೂರಿನ ಬಸ್ಸು ಕಾಯುತ್ತ ಅವುಗಳನ್ನು ಓದಿದ ತಲೆಮಾರೊಂದು ಈಗಲೂ ಇದೆ. ನರಸಿಂಹಯ್ಯನವರ ಪುಸ್ತಕಗಳಲ್ಲಿ ಕೊಲೆ, ಕಳ್ಳಸಾಗಣೆ, ವೇಷ, ಗುಪ್ತಮಾರ್ಗ ಎಲ್ಲವೂ ಇವೆ, ಕಾಣೆಯಾಗುವವರೂ ಇದ್ದಾರೆ. ಆದರೆ ಅಡುಗೆಮನೆಯ ತಾಯಿ ಪ್ರಕರಣದ ಕೇಂದ್ರವಾಗುವುದು ಈ ಪ್ರಕಾರಕ್ಕೆ ಒಗ್ಗಲಿಲ್ಲ. ಟಿ.ಕೆ. ರಾಮರಾವ್ ಪತ್ತೇದಾರಿ ಕಥನಕ್ಕೆ ಮಧ್ಯಮವರ್ಗದ ಮನೆಯ ವಾತಾವರಣವನ್ನೂ ಮನಸ್ಸಿನ ಸೂಕ್ಷ್ಮವನ್ನೂ ತಂದರು. 1980ರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಕನ್ನಡಕ್ಕೆ ಬಂದ ಮೇಲೆ ಓದುಗರು ಮಾಟಮಂತ್ರದ ರೋಚಕತೆಗೆ ಮರುಳಾದರು. ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಇತಿಹಾಸದ ಒಗಟುಗಳನ್ನು ಹಿಡಿದರು, ಅಲ್ಲಿ ಕಾಣೆಯಾಗಿರುವುದು ನಿಧಿ, ಶಾಸನ, ಸತ್ಯ.

ಪೂರ್ಣಚಂದ್ರ ತೇಜಸ್ವಿಯವರದು ಬೇರೆಯದೇ ಪಥ. ‘ಚಿದಂಬರ ರಹಸ್ಯ’ (1985), ‘ಜುಗಾರಿ ಕ್ರಾಸ್’ (1994) ಎರಡರಲ್ಲೂ ಪತ್ತೇದಾರಿಯ ಚೌಕಟ್ಟು ಇದೆ, ಆದರೆ ತನಿಖೆ ಮುಂದುವರಿದಂತೆ ಬಯಲಾಗುವುದು ಇಡೀ ಊರಿನ ಅವಸ್ಥೆ. ಕಾಡಂಚಿನ ಸಣ್ಣ ಪೇಟೆ, ಬಸ್ಸು, ಸಂಶಯ, ಗಾಳಿಸುದ್ದಿ ಇವು ಹೇಗೆ ರೋಚಕ ಕಥೆಯ ಯಂತ್ರಗಳಾಗಬಲ್ಲವು ಎಂಬುದನ್ನು ತೋರಿಸಿದವರು ಅವರೇ. ಮಲೆನಾಡಿನ ಬದಲು ಪಿರಿಯಾಪಟ್ಟಣವನ್ನೋ ಎಚ್.ಡಿ. ಕೋಟೆಯನ್ನೋ ಇಟ್ಟುಕೊಂಡು ಬರೆಯುವವರಿಗೆ ಇದಕ್ಕಿಂತ ಹತ್ತಿರದ ಮಾದರಿ ಇಲ್ಲ.

ಮೈಸೂರು ಜಿಲ್ಲೆಯದೇ ಆದ ಒಂದು ಕೃತಿಯನ್ನು ಪತ್ತೇದಾರಿ ಸಾಹಿತ್ಯದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ (1984). ಚೆನ್ನ ಎಂಬ ದಲಿತ ಹುಡುಗ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ್ದಕ್ಕೆ ಕೊಲೆಯಾಗಿದ್ದಾನೆ. ಅವನ ಮನೆಯವರು ಮಾತ್ರ ಅವನು ಬೊಂಬಾಯಿಗೆ ಹೋಗಿದ್ದಾನೆ ಎಂದುಕೊಂಡಿದ್ದಾರೆ. ಗೊತ್ತಿರುವವರು ಬಾಯಿಬಿಡುವುದಿಲ್ಲ, ಅಪರಾತ್ರಿಯಲ್ಲಿ ದೀಪದ ಜೋತಮ್ಮಂದಿರು ಮಾತಾಡುತ್ತಾರೆ. ಪೊಲೀಸನಿಲ್ಲ, ಪತ್ತೇದಾರನಿಲ್ಲ, ಮುಚ್ಚಿಟ್ಟ ಸಾವೊಂದು ಮಾತ್ರ ಇದೆ. ಅವರದೇ ‘ಒಡಲಾಳ’ದಲ್ಲಿ ಸಾಕವ್ವ ಹುಡುಕುವುದು ಕಳೆದುಹೋದ ಹುಂಜವನ್ನು. ಅದೇ ಹೊತ್ತಿಗೆ ಪೊಲೀಸರು ಬಂದು ಆ ಮನೆಯಲ್ಲಿ ಹುಡುಕುವುದು ಕಳುವಾದ ಕಡಲೆಕಾಯಿಯನ್ನು. ಬಡವರು ಕಳೆದುಕೊಂಡದ್ದಕ್ಕೂ ಉಳ್ಳವರು ಕಳೆದುಕೊಂಡದ್ದಕ್ಕೂ ನಡೆಯುವ ಹುಡುಕಾಟ ಒಂದೇ ಅಲ್ಲ ಎಂಬುದನ್ನು ಇಷ್ಟು ನಗಿಸಿ ಹೇಳಿದ ಕಥೆ ವಿರಳ.

ಮನೆಬಿಟ್ಟು ಹೋಗುವ ತಾಯಿಯನ್ನು ಧೈರ್ಯವಾಗಿ ಎದುರಿಸಿದ್ದು ಸಾಮಾಜಿಕ ಕಾದಂಬರಿ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ (1965) ಕಾತ್ಯಾಯನಿ ವಿಧವೆ, ನಂಜನಗೂಡಿನ ಶ್ರೋತ್ರಿಯರ ಮನೆಯಲ್ಲಿ ಮಗನನ್ನು ಬಿಟ್ಟು ಮೈಸೂರಿಗೆ ಹೋಗಿ ಮರುಮದುವೆಯಾಗುತ್ತಾಳೆ. ಮುಂದೆ ಅದೇ ಮಗ ಆಕೆ ಪಾಠ ಹೇಳುವ ಕಾಲೇಜಿಗೆ ವಿದ್ಯಾರ್ಥಿಯಾಗಿ ಬರುತ್ತಾನೆ. ಹುಡುಕಬೇಕಾದವನು ಹುಡುಕುವುದಿಲ್ಲ, ಸಿಕ್ಕಿದವಳು ತಾಯಿಯಾಗಿ ಸಿಗುವುದಿಲ್ಲ. ಇದಕ್ಕೆ ಸಮನಾಗಿ ಶ್ರೀನಿವಾಸ ಶ್ರೋತ್ರಿಯರು ತಮ್ಮ ಜನ್ಮದ ಗುಟ್ಟನ್ನು ಹಳೆಯ ಕಾಗದಗಳಲ್ಲಿ ಕಾಣುವ ಭಾಗವಂತೂ ಯಾವ ರೋಚಕ ಕಾದಂಬರಿಯ ಕೊನೆಗೂ ಸಲ್ಲುವಂಥದು. ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಸತ್ತ ಗೆಳೆಯನೊಬ್ಬ ಬಿಟ್ಟುಹೋದ ಕಾಗದಪತ್ರಗಳನ್ನು ಹಿಡಿದು ಅವನ ಬದುಕನ್ನು ಬೆನ್ನಟ್ಟುವ ಕಾದಂಬರಿ. ಕನ್ನಡದಲ್ಲಿ ಹುಡುಕಾಟದ ಕಥನಕ್ಕೆ ಅದು ಮೇಲ್ಪಂಕ್ತಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013), ‘ಸಕೀನಾಳ ಮುತ್ತು’ (2021) ಕೃತಿಗಳಲ್ಲಿ ಮನೆಗೆ ಮರಳಬೇಕಾದ ಹೆಣ್ಣು ಮರಳದಿರುವ ಆತಂಕವಿದೆ. ಮೊದಲನೆಯದರಲ್ಲಿ ಆಕೆ ಹೆಂಡತಿ, ಎರಡನೆಯದರಲ್ಲಿ ಮಗಳು. ತಾಯಿಯ ಸರದಿ ಇನ್ನೂ ಬಂದಿಲ್ಲ.

ಕಣಗಾಲಿನ ನಿರ್ದೇಶಕ

ಕಾದಂಬರಿ ಹಿಂಜರಿದ ಕಡೆ ಸಿನಿಮಾ ಮುಂದೆ ಹೋಯಿತು, ಅದರ ಮುಂಚೂಣಿಯಲ್ಲಿದ್ದವರು ಇದೇ ಸೀಮೆಯವರು. ಎಸ್.ಆರ್. ಪುಟ್ಟಣ್ಣ ಕಣಗಾಲ್ ಹುಟ್ಟಿದ್ದು (1933) ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಮನೆಯೊಳಗಿದ್ದೂ ಇಲ್ಲವಾಗುವ ಹೆಣ್ಣು ಅವರ ಚಿತ್ರಗಳ ಮುಖ್ಯ ಕಾಳಜಿ. ಮೈಸೂರಿನ ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ (1971) ಚಿತ್ರದಲ್ಲಿ ಬಾಣಂತಿ ಕಾವೇರಿ ಮಾನಸಿಕ ಆಸ್ಪತ್ರೆಗೆ ಹೋಗುತ್ತಾಳೆ, ಗುಣವಾಗಿ ಬರುತ್ತಾಳೆ. ಅಷ್ಟರಲ್ಲಿ ಆ ಮನೆಯಲ್ಲಿ ಅವಳ ಜಾಗ ಉಳಿದಿರುವುದಿಲ್ಲ. ‘ಎಡಕಲ್ಲು ಗುಡ್ಡದ ಮೇಲೆ’ (1973) ತಾಯಿಯೊಬ್ಬಳ ಬಯಕೆಯನ್ನು ಮಕ್ಕಳ ಕಣ್ಣೆದುರಿಗೆ ತಂದಿತು. ಅಶ್ವತ್ಥರ ಕಾದಂಬರಿ ಆಧರಿಸಿದ ‘ರಂಗನಾಯಕಿ’ (1981) ಈ ವಸ್ತುವಿನ ಅತ್ಯಂತ ದಿಟ್ಟ ರೂಪ: ನಾಟಕದ ನಟಿಯಿಂದ ದೂರವಾಗಿ ಬೆಳೆದ ಮಗ ಆಕೆ ತನ್ನ ತಾಯಿಯೆಂದು ತಿಳಿಯದೆ ಆಕೆಗೆ ಮನಸೋಲುತ್ತಾನೆ. ಕಾಣೆಯಾದ ತಾಯಿ ಸಿಕ್ಕಿದರೆ ಸುಖಾಂತ ಎಂಬ ನಂಬಿಕೆಯನ್ನು ಆ ಚಿತ್ರ ಒಡೆದುಹಾಕಿತು.

ಈಚಿನ ಚಿತ್ರಗಳಲ್ಲಿ ‘ರಂಗಿತರಂಗ’ (2015) ಬಸುರಿ ಹೆಂಗಸರು ಕಾಣೆಯಾಗುವ ಊರಿನ ಕಥೆ. ಕಳೆದುಕೊಂಡವನು ಸ್ವತಃ ಕಾದಂಬರಿಕಾರ. ಮರುವರ್ಷದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಪತ್ರಿಕೆಯ ಮೂಲೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆಯಿಂದಲೇ ಹೆಸರು ಪಡೆದದ್ದು. ಮರೆವಿನ ಕಾಯಿಲೆಯ ತಂದೆಯನ್ನು ಮಗ ಹುಡುಕುತ್ತಾನೆ. ಅದೇ ನಿರ್ದೇಶಕ ಹೇಮಂತ್ ರಾವ್ ಅವರ ‘ಕವಲುದಾರಿ’ (2019) ನೆಲ ಅಗೆದಾಗ ಸಿಕ್ಕ ಮೂಳೆಗಳಿಂದ ಆರಂಭವಾಗಿ ಹಳೆಯ ಕಡತಕ್ಕೆ ಹೋಗುತ್ತದೆ. ಬೆಟ್ಟದಪುರ ಪ್ರಕರಣವನ್ನು ಬಲ್ಲವರು ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು.

ಹೊರಗಿನ ಮಾದರಿಗಳು

ಜಗತ್ತಿನ ಸಾಹಿತ್ಯದಲ್ಲಿ ಈ ವಸ್ತುವಿನ ಅತಿ ಪ್ರಸಿದ್ಧ ಪ್ರಕರಣ ಒಬ್ಬ ಲೇಖಕಿಯದೇ. 1926ರ ಡಿಸೆಂಬರ್ 3ರ ರಾತ್ರಿ ಅಗಾಥಾ ಕ್ರಿಸ್ಟಿ ಏಳು ವರ್ಷದ ಮಗಳನ್ನು ಮನೆಯಲ್ಲಿ ಬಿಟ್ಟು ಕಾರಿನಲ್ಲಿ ಹೊರಟವರು ನಾಪತ್ತೆಯಾದರು. ಕಾರು ಸಿಕ್ಕಿತು, ಅವರು ಸಿಗಲಿಲ್ಲ. ಗಂಡನ ಮೇಲೆ ಸಂಶಯ ಬಂತು. ಹನ್ನೊಂದು ದಿನಗಳ ಬಳಿಕ ಹ್ಯಾರೊಗೇಟ್ ಪಟ್ಟಣದ ಹೋಟೆಲಿನಲ್ಲಿ, ಗಂಡನ ಪ್ರೇಯಸಿಯ ಮನೆತನದ ಹೆಸರಿನಲ್ಲಿ ತಂಗಿದ್ದ ಅವರು ಪತ್ತೆಯಾದರು. ಏಕೆ ಹೋದರೆಂದು ಬದುಕಿನುದ್ದಕ್ಕೂ ಅವರು ಬಿಡಿಸಿ ಹೇಳಲಿಲ್ಲ. ಹ್ಯಾರೊಗೇಟಿಗೂ ಮಡಿಕೇರಿಗೂ ಸುಮಾರು ನೂರು ವರ್ಷದ ಅಂತರ. ಹೋಟೆಲಿನಲ್ಲಿ ಸಿಕ್ಕ ಹೆಂಗಸು, ಅನುಮಾನಕ್ಕೆ ಸಿಲುಕಿದ ಗಂಡ, ಕಾಯುತ್ತಿದ್ದ ಮಕ್ಕಳು ಮಾತ್ರ ಅವೇ. ಬ್ರಿಟನ್ನಿನ ಆ ಗಂಡ ಉಳ್ಳವನಾಗಿದ್ದ, ಜೈಲಿಗೆ ಹೋಗಲಿಲ್ಲ.

ಕಾದಂಬರಿಗಳಲ್ಲಿ ಕೊರಿಯಾದ ಶಿನ್ ಕ್ಯುಂಗ್-ಸೂಕ್ 2008ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ಪ್ಲೀಸ್ ಲುಕ್ ಆಫ್ಟರ್ ಮಾಮ್’ ಎಂದು ಹೆಸರಾದ ಕೃತಿಯನ್ನು ಮೊದಲು ಹೇಳಬೇಕು. ಹಳ್ಳಿಯಿಂದ ಬಂದ ವಯಸ್ಸಾದ ತಾಯಿ ಸಿಯೋಲ್ ನಗರದ ಸುರಂಗ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಗಂಡನ ಕೈತಪ್ಪಿಹೋಗುತ್ತಾಳೆ. ಕರಪತ್ರದಲ್ಲಿ ಆಕೆಯ ಚಹರೆ ಬರೆಯಲು ಕೂತ ಮಕ್ಕಳಿಗೆ ತಾಯಿಯ ಬಗ್ಗೆ ತಮಗೆ ಏನೂ ಗೊತ್ತಿಲ್ಲವೆಂಬುದು ಗೊತ್ತಾಗುತ್ತದೆ. ಪತ್ತೇದಾರನಿಲ್ಲದ ಈ ಕಾದಂಬರಿ ಮ್ಯಾನ್ ಏಷ್ಯನ್ ಪ್ರಶಸ್ತಿ ಪಡೆಯಿತು, ಲಕ್ಷಾಂತರ ಪ್ರತಿ ಮಾರಾಟವಾಯಿತು. ಜಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ (2012) ಕಾಣೆಯಾದವಳೇ ತನ್ನ ಕೊಲೆಯ ಸಾಕ್ಷ್ಯ ಸೃಷ್ಟಿಸುವ ಕಥೆ. ಅದರ ಯಶಸ್ಸಿನ ನಂತರ ಅದೇ ಅಚ್ಚಿನ ನೂರಾರು ಪುಸ್ತಕಗಳು ಬಂದವು, ಹೆಚ್ಚಿನವು ತಿರುವಿಗಾಗಿ ತಿರುವು.

ನಾಲ್ಕು ತಾಲ್ಲೂಕುಗಳ ನೆಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೇರಿದ ಈ ಸೀಮೆಯಲ್ಲಿ ತಾಯಂದಿರು ಮನೆಬಿಟ್ಟು ಹೊರ ಹೋಗುವುದು ದಿನದ ಸಂಗತಿ. ಬೆಳಗಿನ ಜೀಪುಗಳೂ ಬಸ್ಸುಗಳೂ ಪಿರಿಯಾಪಟ್ಟಣ, ಹುಣಸೂರಿನ ಹಳ್ಳಿಗಳ ಹೆಂಗಸರನ್ನು ಕೊಡಗಿನ ಕಾಫಿ ತೋಟಗಳ ಕೂಲಿಗೆ ಒಯ್ಯುತ್ತವೆ. ಎಚ್.ಡಿ. ಕೋಟೆಯ ಹಾಡಿಗಳಿಂದ ಆದಿವಾಸಿಗಳು ವಾರಗಟ್ಟಲೆ ಕೊಡಗು, ವಯನಾಡಿನ ಲೈನ್‌ಮನೆಗಳಲ್ಲಿ ಉಳಿಯುವುದುಂಟು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ನೆಲೆ. ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಹದ ಮಾಡುವ ತಿಂಗಳುಗಳಲ್ಲಿ ಹೆಂಗಸರ ದುಡಿಮೆ ರಾತ್ರಿಗೂ ಚಾಚುತ್ತದೆ. ಒಬ್ಬಳು ಎರಡು ದಿನ ಮನೆಗೆ ಬಾರದಿದ್ದರೆ ಯಾರೂ ಮೊದಲಿಗೆ ಗಾಬರಿಯಾಗುವುದಿಲ್ಲ. ಅತ್ಯಂತ ಬೆಲೆಬಾಳುವ ಮೊದಲ ಎರಡು ದಿನ ಹೀಗೆ ಕೈತಪ್ಪುತ್ತವೆ.

ಆಮೇಲೆ ಊರು ಮಾತಾಡುತ್ತದೆ. ‘ಓಡೋದ್ಲು’ ಎಂಬ ಒಂದು ಮಾತಿಗೆ ಮಕ್ಕಳು ಠಾಣೆಗೆ ಹೋಗುವುದನ್ನೇ ಬಿಡುತ್ತಾರೆ. ಅವ್ವನನ್ನು ಹುಡುಕಿಸಿದರೆ ಅವ್ವನ ಮಾನ ಹೋಗುತ್ತದೆ ಎಂಬ ಅಳುಕು. ಕಾಡಂಚಿನಲ್ಲಾದರೆ ಹುಲಿ, ಆನೆಯ ಲೆಕ್ಕಕ್ಕೂ ಹಾಕಿ ನೋಡುತ್ತಾರೆ. ಕೆ.ಆರ್. ನಗರದ ಕಡೆ ಗದ್ದೆ, ನಾಲೆ, ಕಾವೇರಿ ಇರುವುದರಿಂದ ಅಲ್ಲಿಯವರ ಕಣ್ಣು ಮೊದಲು ಹೋಗುವುದು ನೀರಿನತ್ತ. ಕಣಿ ಕೇಳುವುದು, ಅಂಜನ ಹಾಕಿಸುವುದು ಇಂದಿಗೂ ನಡೆಯುತ್ತದೆ. ಅಂಜನದಲ್ಲಿ ತೆಂಕಣ ದಿಕ್ಕು ಕಂಡಿತೆಂದು ಬಾಡಿಗೆ ಕಾರು ಹಿಡಿದು ಹೊರಡುವವರಿದ್ದಾರೆ. ಸಾಲದ ಕಥೆ ಬೇರೆ. ಸ್ವಸಹಾಯ ಸಂಘ, ಮೈಕ್ರೋ ಫೈನಾನ್ಸ್ ಸಾಲಗಳೆಲ್ಲ ಹೆಂಗಸರ ಹೆಸರಿನಲ್ಲೇ ಇರುತ್ತವೆ. ವಸೂಲಿಯ ಕಿರುಕುಳಕ್ಕೆ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದ ಸುದ್ದಿಗಳ ಬೆನ್ನಿಗೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪ್ರಿಯಕರ, ಕೊಲೆ ಎಂಬೆರಡನ್ನೇ ಹಿಡಿದು ಕೂತ ಕಥೆಗಾರರು ಈ ಮೂರನೆಯ ಕಾರಣವನ್ನು ಇನ್ನೂ ನೋಡಿಲ್ಲ.

ಭೂಗೋಳವೂ ಕಥೆಗೆ ಒದಗುತ್ತದೆ. ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಾವಲಿ ದಾಟಿದರೆ ರಾಜ್ಯವೂ ಠಾಣೆಯೂ ಭಾಷೆಯೂ ಬೇರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಇಳಿದು ಮುಳುಗಿದ ಊರುಗಳ ನೆಲವನ್ನು ಬಯಲು ಮಾಡುತ್ತದೆ. ನಾಲ್ಕು ಪಟ್ಟಣಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ, ರೈಲು ಹತ್ತಿದವಳ ಕಡತ ರೈಲ್ವೆ ಪೊಲೀಸರ ಸರಹದ್ದಿಗೂ ಸೇರುತ್ತದೆ. ಉಳಿದವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ನಂತರ ಕೈಯಲ್ಲಿ ಕಾಸಿಲ್ಲದ ಹೆಂಗಸೂ ಬೀದರಿನವರೆಗೆ ಹೋಗಬಹುದು. ಆಕೆಗೆ ಸಿಗುವ ಶೂನ್ಯ ಟಿಕೆಟ್ಟಿನ ಮೇಲೆ ಆಕೆಯ ಹೆಸರಿರುವುದಿಲ್ಲ. ಹಿಂದೆ ಹೆಂಗಸೊಬ್ಬಳು ಮನೆಬಿಡಬೇಕಾದರೆ ಯಾರಿಂದಲೋ ಹಣ ಪಡೆಯಬೇಕಿತ್ತು, ಆ ಯಾರೋ ಒಬ್ಬರು ಪತ್ತೇದಾರನಿಗೆ ಸುಳಿವು. ಆ ಸುಳಿವು ಈಗ ಇಲ್ಲ. ಉಳಿದಿರುವುದು ಮೊಬೈಲು, ನಿಲ್ದಾಣಗಳ ಸಿಸಿಟಿವಿ. ಫೋನನ್ನು ಮನೆಯ ಗೂಡಿನಲ್ಲೇ ಇಟ್ಟುಹೋದವಳಿಗೆ ಟವರ್ ದಾಖಲೆಯೂ ಇಲ್ಲ.

ಕಾನೂನು ಮತ್ತು ಖಾತೆ

ಗುರುತಿಲ್ಲದ ಹೆಣ ಸಿಕ್ಕಿದರೆ ಪೊಲೀಸರು ಅಸ್ವಾಭಾವಿಕ ಮರಣದ ಪ್ರಕರಣ ದಾಖಲಿಸುತ್ತಾರೆ. ಠಾಣೆಯ ಭಾಷೆಯಲ್ಲಿ ಅದು ಯುಡಿಆರ್. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ನಡೆಯುತ್ತಿದ್ದ ಈ ವಿಚಾರಣೆಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು ಅನ್ವಯಿಸುತ್ತದೆ. ಕಾಣೆಯಾದವರ ಪಟ್ಟಿಯೂ ಯುಡಿಆರ್ ಪಟ್ಟಿಯೂ ಬೇರೆ ಬೇರೆ ಠಾಣೆಗಳಲ್ಲಿ, ಎಷ್ಟೋ ಸಲ ಬೇರೆ ಬೇರೆ ಜಿಲ್ಲೆಗಳಲ್ಲಿ ಇರುತ್ತವೆ. ಅವೆರಡನ್ನೂ ಹೋಲಿಸಿ ನೋಡುವುದು ತನಿಖೆಯ ಮೊದಲ ಹೆಜ್ಜೆ. ಹೋಲಿಕೆಯನ್ನೇ ತೀರ್ಮಾನವೆಂದುಕೊಂಡರೆ ಏನಾಗುತ್ತದೆಂಬುದಕ್ಕೆ ಬೆಟ್ಟದಪುರ ಉದಾಹರಣೆ. ಹೆಣ ಸಿಗದೆಯೂ ಕೊಲೆ ಸಾಬೀತಾಗಬಹುದು ಎಂಬುದನ್ನು ಭಾರತದ ನ್ಯಾಯಾಲಯಗಳು ಒಪ್ಪುತ್ತವೆ. ಸತ್ತವಳು ಬದುಕಿರುವ ಸಂಭವವನ್ನು ತಳ್ಳಿಹಾಕುವಷ್ಟು ಗಟ್ಟಿ ಸಾಕ್ಷ್ಯ ಮಾತ್ರ ಬೇಕು.

ಬದುಕಿದ್ದಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಆಕೆಯ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾಳೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಆ ಏಳು ವರ್ಷ ಮನೆಯವರ ಪಾಲಿಗೆ ವಿಚಿತ್ರ ಕಾಲ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಆಕೆಯೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಗೆ ಅರ್ಹಳೂ ಆಕೆಯೇ. ಹಣ ಎಲ್ಲಿಯಾದರೂ ಡ್ರಾ ಆದರೆ ಆಕೆ ಬದುಕಿದ್ದಾಳೆಂಬ ಸುಳಿವು, ಆಗದಿದ್ದರೆ ಅದೂ ಒಂದು ಸುಳಿವು. ತಾಯಿಯ ಹೆಸರಿನಲ್ಲಿ ಜಮೀನಿದ್ದರೆ ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ ಬೇಕು. ಹೆಣವಿಲ್ಲದೆ ಆ ಪತ್ರ ಸಿಗುವುದಿಲ್ಲ. ಹಾಗಾಗಿ ಏಳು ವರ್ಷ ಕಳೆದ ಮೇಲೆ ಮಕ್ಕಳು ಸಿವಿಲ್ ನ್ಯಾಯಾಲಯಕ್ಕೆ ದಾವೆ ಹೂಡಿ, ತಾಯಿ ಸತ್ತಿದ್ದಾಳೆಂದು ಘೋಷಿಸುವಂತೆ ಕೇಳಬೇಕು. ಹುಡುಕಿದ್ದಕ್ಕೆ ದಾಖಲೆಯಾಗಿ ಅಲ್ಲಿ ಅವರು ಹಾಜರುಪಡಿಸಬೇಕಾದ ಮೊದಲ ಕಾಗದವೇ ಕಾಣೆಯಾದ ದಿನ ಠಾಣೆಗೆ ಕೊಟ್ಟ ದೂರಿನ ನಕಲು. ಮಾನಕ್ಕೆ ಅಂಜಿ ದೂರನ್ನೇ ಕೊಡದಿದ್ದ ಮನೆಗಳಲ್ಲಿ ಪಹಣಿ ಇನ್ನೂ ಆಕೆಯ ಹೆಸರಿನಲ್ಲೇ ಬರುತ್ತಿರುತ್ತದೆ.